ತಂಗಿಗರುಳು

ನುಂಗಿದ ಮಾತ್ರೆಯೆಲ್ಲ ರಕ್ತಕ್ಕೆ ಸೇರುತ್ತದೆ ಎಂದು ನಂಬಿಕೊಂಡವರೇ ಹೆಚ್ಚು. ಹಾಗೇನೂ ಇಲ್ಲ. ಕರುಳಿನ ಒಳಗೋಡೆ ಹಳೆಯ ಕಾಲದ ಸುಂಕದ ಕಟ್ಟೆ ಇದ್ದಂತೆ. ಅಲ್ಲಿ ಕೂತಿರುವ ಕಿಣ್ವಗಳು ಬಂದ ಔಷಧವನ್ನು ತಡೆದು, ಒಡೆದು, ಕೆಲವು ಔಷಧಗಳಲ್ಲಂತೂ ಮುಕ್ಕಾಲು ಪಾಲನ್ನು ತಾವೇ ತಿಂದು, ಉಳಿದದ್ದನ್ನು ಮುಂದಕ್ಕೆ ಬಿಡುತ್ತವೆ. ವೈದ್ಯರು ಈ ಸುಂಕವನ್ನೂ ಸೇರಿಸಿಯೇ ಮಾತ್ರೆಯ ಅಳತೆ ನಿಶ್ಚಯಿಸುತ್ತಾರೆ. ದೊಡ್ಡವರಲ್ಲಿ ಈ ಲೆಕ್ಕ ಹೆಚ್ಚುಕಡಿಮೆ ನಿಲ್ಲುತ್ತದೆ, ಮಕ್ಕಳಲ್ಲಿ ನಿಲ್ಲುವುದಿಲ್ಲ. ಹಸುಗೂಸಿನ ಕಟ್ಟೆಯಲ್ಲಿ ಸುಂಕದವರು ಇನ್ನೂ ಬೆರಳೆಣಿಕೆಯಷ್ಟು. ವಯಸ್ಸು ಏರಿದಂತೆ ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ. ಅಷ್ಟರಲ್ಲಿ ಒಂದು ಭೇದಿ ಬಂತೆನ್ನಿ, ಒಳಪೊರೆ ಸವೆದು, ಸುಂಕದವರೆಲ್ಲ ಜಾಗ ಖಾಲಿ ಮಾಡಿ, ಔಷಧ ಇದ್ದಷ್ಟೂ ಒಳಗೆ ನುಗ್ಗುತ್ತದೆ. ನಿನ್ನೆಯವರೆಗೆ ಕಾಯುತ್ತಿದ್ದ ಔಷಧವೇ ಇಂದು ವಿಷ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎನ್ನುತ್ತದೆ ಗಾದೆ. ಆದರೆ ಆ ಸುಂಕದವನನ್ನೇ ಒಂದು ಪೆಟ್ಟಿಗೆಯಲ್ಲಿ ಕೂರಿಸಿ, ಬೆಳಗಾದರೆ ‘ಇವತ್ತು ನಿನ್ನ ಪಾಲೆಷ್ಟಪ್ಪ’ ಎಂದು ಕೇಳುವಂತಿದ್ದರೆ?

ಹುಬ್ಬಳ್ಳಿಯ ಡಾ. ಶಾಲ್ಮಲಾ ಕಟಗೇರಿ ಹೀಗೆ ಕೇಳಿದಳು. ಕೇಳಿ ಸುಮ್ಮನಿರದೆ, ಕೂದಲು ಅರ್ಧ ಬೆಳ್ಳಗಾಗುವವರೆಗೆ ಹೆಣಗಿ ಆ ಪೆಟ್ಟಿಗೆಯನ್ನು ಮಾಡಿಯೂ ಬಿಟ್ಟಳು. ಮಗುವಿನ ಕರುಳಿನಿಂದ ಹುರುಳಿಕಾಳಿನಷ್ಟು ಪೊರೆ ತೆಗೆದು, ಸೂಕ್ಷ್ಮ ರಂಧ್ರಗಳ ತೆಳುಹಾಳೆಯ ಮೇಲೆ ಬೆಳೆಸಿ, ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಬೆಚ್ಚಗಿಟ್ಟು ಮನೆಗೆ ಕೊಡುವುದು. ಮಗು ಉಂಡು ಎದ್ದ ಮೇಲೆ ಅದರ ತಟ್ಟೆಯಲ್ಲಿ ಉಳಿದದ್ದರಿಂದ ಒಂದು ಚಮಚ ಪೆಟ್ಟಿಗೆಗೆ ಹಾಕಬೇಕು. ಪೆಟ್ಟಿಗೆ ಅದನ್ನು ಅರೆದು ಪೊರೆಗೆ ಉಣಿಸುತ್ತದೆ. ಮಗು ಉಂಡದ್ದೇ, ಮಗುವಿನ ಬಾಯಿ, ಬೆರಳುಗಳ ಕ್ರಿಮಿಗಳ ಸಮೇತ. ಹಾಗಾಗಿ ಮಗುವಿನ ಹೊಟ್ಟೆ ಕೆಟ್ಟರೆ ಪೆಟ್ಟಿಗೆಯ ಪೊರೆಯೂ ಕೆಡುತ್ತದೆ, ಮಗು ಸುಧಾರಿಸಿದರೆ ಅದೂ ಸುಧಾರಿಸುತ್ತದೆ. ದಿನಾ ಬೆಳಗ್ಗೆ ಪೆಟ್ಟಿಗೆ ಔಷಧದ ಒಂದು ಹನಿಯನ್ನು ಪೊರೆಯ ಮೇಲೆ ಬಿಟ್ಟು, ಆಚೆ ಬದಿಗೆ ಎಷ್ಟು ಇಳಿಯಿತೆಂದು ಅಳೆದು, ಆಸ್ಪತ್ರೆಯ ನಿಗಾ ಕೋಣೆಗೆ ತಿಳಿಸುತ್ತದೆ. ಅಲ್ಲಿಂದ ಆ ದಿನದ ಅಳತೆ ಮನೆಗೆ ಬರುತ್ತದೆ. ವಾರವಾರವೂ ಮಗುವನ್ನು ಹಿಡಿದು ಸೂಜಿ ಚುಚ್ಚಿ ರಕ್ತ ತೆಗೆಯುವ ಗೋಳು ತಪ್ಪಿತು.

ಆಸ್ಪತ್ರೆಯವರು ಇದನ್ನು ಜೋಡಿಗರುಳು ಎಂದು ಕರೆದರು. ಜನರಿಗೆ ಅದು ಬಾಯಿಗೆ ಬರಲಿಲ್ಲ. ಅವರು ತಂಗಿ ಎಂದರು. ‘ತಂಗಿಗೆ ಊಟ ಹಾಕಿದಿರೇನು?’ ‘ತಂಗಿ ಇವತ್ತು ಎಷ್ಟು ಹೇಳಿದಳು?’ ಶಾಲ್ಮಲಾಗೆ ಈ ಹೆಸರು ಬಹಳ ಹಿಡಿಸಿತು. ತರಬೇತಿಗೆ ಬಂದ ತಾಯಂದಿರಿಗೆ, ತಂಗಿ ಆರಾಮಾಗಿದ್ದರೆ ಅಕ್ಕನೂ ಆರಾಮ ಎಂದು ತಿಳಿಯಿರಿ ಎಂದು ತಾನೇ ಹೇಳತೊಡಗಿದಳು. ಪೆಟ್ಟಿಗೆಯ ನೆತ್ತಿಗೊಂದು ಪುಟ್ಟ ದೀಪ ಇಟ್ಟವಳೂ ಅವಳೇ. ಪೊರೆ ಚೆನ್ನಾಗಿದ್ದರೆ ಹಸಿರು, ಸವೆದರೆ ಹಳದಿ. ಇದರ ಅಗತ್ಯವೇನು, ಅಳತೆ ಹೇಗೂ ನಮಗೆ ಬರುತ್ತದಲ್ಲ ಎಂದು ಜೊತೆಯವರು ಕೇಳಿದ್ದರು. ತಾಯಂದಿರಿಗೆ ಕಣ್ಣಿಗೆ ಕಾಣುವ ಒಂದು ಸಮಾಧಾನ ಬೇಕು ಎಂದು ಅವಳು ಹಟ ಹಿಡಿದಳು. ಹೆತ್ತವರಿಗೆ ಹೆಗ್ಗಣವೂ ಮುದ್ದು. ಅವಳ ಹೆಗ್ಗಣವಂತೂ ಹಸಿರು ದೀಪ ಬೇರೆ ಹೊತ್ತುಕೊಂಡಿತ್ತು.

ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಚೆನ್ನವ್ವನ ಖಾನಾವಳಿ. ಬಿಸಿ ರೊಟ್ಟಿ, ಎಣಗಾಯಿ, ಮಡಿಕೆಕಾಳಿನ ಪಲ್ಲೆ, ಶೇಂಗಾ ಹಿಂಡಿ, ಮೊಸರು. ಶಾಲ್ಮಲಾ ಮಧ್ಯಾಹ್ನದ ಊಟಕ್ಕೆ ಅಲ್ಲಿಗೇ ಹೋಗುತ್ತಿದ್ದಳು. ಚೆನ್ನವ್ವನ ಮಗಳು ನೀಲಗಂಗಾಳಿಗೆ, ಎಂದರೆ ನೀಲಿಗೆ, ಎಂಟು ವರ್ಷ. ಹುಟ್ಟುವಾಗಲೇ ಕೆಟ್ಟಿದ್ದ ಮೂತ್ರಪಿಂಡಗಳು ಐದನೆಯ ವರ್ಷಕ್ಕೆ ಪೂರ್ತಿ ಕೈಕೊಟ್ಟಾಗ ಚೆನ್ನವ್ವ ತನ್ನದೊಂದನ್ನು ಕೊಟ್ಟಿದ್ದಳು. ಅವಳ ಗಂಡ ಗೋವಾಕ್ಕೆ ತರಕಾರಿ ಸಾಗಿಸುವ ಗಾಡಿಯ ಮೇಲೆ ಇರುತ್ತಿದ್ದ. ಮನೆ, ಖಾನಾವಳಿ, ಮಗಳು ಎಲ್ಲವೂ ಇವಳ ತಲೆಯ ಮೇಲೆ. ತಾಯಿಯದೇ ಆದರೂ ಪರರ ಅಂಗ ಪರರದೇ ಎಂದು ಮೈ ಹಟ ಹಿಡಿಯುತ್ತದೆ. ಅದನ್ನು ಸುಮ್ಮನಿರಿಸುವ ಔಷಧವನ್ನು ನೀಲಿ ಬದುಕಿರುವವರೆಗೆ ಕುಡಿಯಬೇಕು. ಅಳತೆ ಕಡಿಮೆಯಾದರೆ ಮೈಯೇ ಆ ಮೂತ್ರಪಿಂಡವನ್ನು ಹೊರದಬ್ಬುತ್ತದೆ, ಹೆಚ್ಚಾದರೆ ಔಷಧವೇ ಅದನ್ನು ಸುಡುತ್ತದೆ. ನಡುವಿನ ದಾರಿ ಬಲು ಕಿರಿದು, ಆ ದಾರಿ ತೋರಿಸಲೆಂದೇ ಖಾನಾವಳಿಯ ಗೋಡೆಗೂಡಿನಲ್ಲಿ ತಂಗಿ ಕೂತಿದ್ದಳು.

ಗಿರಾಕಿಗಳಿಗೂ ತಂಗಿ ಪರಿಚಯವಾದಳು. ಊಟಕ್ಕೆ ಬಂದವರು ಕೈತೊಳೆಯುವ ಮೊದಲು ಗೂಡಿನ ಕಡೆ ನೋಡುವುದು ರೂಢಿಯಾಯಿತು. ಮೂರು ಹೊತ್ತೂ ಇದೇ ಅಡುಗೆ ಉಣ್ಣುವ ಕರುಳು ಹಸಿರಾಗಿದೆಯೆಂದರೆ ಇನ್ನೇನು ಬೇಕು? ಎಣ್ಣೆ ಶುದ್ಧ, ನೀರು ಶುದ್ಧ. ಓಣಿಯಲ್ಲಿ ಇನ್ನೂ ಮೂರು ಖಾನಾವಳಿಗಳಿದ್ದರೂ ಜನ ‘ಹಸಿರು ದೀಪದ ಖಾನಾವಳಿ’ ಎಂದು ವಿಳಾಸ ಹೇಳಿಕೊಂಡು ಇಲ್ಲಿಗೇ ಬಂದರು. ಶಾಲ್ಮಲಾ ಇದನ್ನು ಕಂಡು ಒಳಗೊಳಗೇ ಹಿಗ್ಗಿದಳು. ದಿನಾ ಅವಳು ಕೂತಲ್ಲಿಂದ ಕಾಣುತ್ತಿದ್ದ ಇನ್ನೊಂದು ನೋಟವೂ ಅವಳಿಗೆ ಪ್ರಿಯವಾಗಿತ್ತು: ಅಡುಗೆ ಇಳಿದ ಕೂಡಲೆ, ಯಾರಿಗೂ ಬಡಿಸುವ ಮೊದಲು, ಚೆನ್ನವ್ವ ಸೆರಗು ಸರಿಮಾಡಿಕೊಂಡು ಮೊದಲ ಚಮಚವನ್ನು, ಮೇಲೊಂದು ಹನಿ ತುಪ್ಪ ಬಿಟ್ಟು, ತಂಗಿಗೆ ಹಾಕುತ್ತಿದ್ದಳು. ದಿಲ್ಲಿಯ ಒಂದು ಸಮ್ಮೇಳನದಲ್ಲಿ ಶಾಲ್ಮಲಾ ಇದನ್ನು ವರ್ಣಿಸಿ, ನಮ್ಮ ಜನ ಯಂತ್ರವನ್ನೂ ಮನೆಮಗಳನ್ನಾಗಿ ಮಾಡಿಕೊಳ್ಳುತ್ತಾರೆ ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿ ಬಂದಿದ್ದಳು. ಕಣ್ಣೆದುರಿಗೇ ಏನು ನಡೆಯುತ್ತಿದೆ ಎಂದು ಅವಳಿಗೂ ಹೊಳೆಯಲಿಲ್ಲ, ಚಪ್ಪಾಳೆ ತಟ್ಟಿದ ಪಂಡಿತರಿಗೂ ಹೊಳೆಯಲಿಲ್ಲ.

ನಿಗಾ ಕೋಣೆಯಲ್ಲಿ ಪರದೆಗಳ ಮುಂದೆ ಕೂರುತ್ತಿದ್ದವನು ಅನ್ವರ್ ನದಾಫ್. ಮಿತಭಾಷಿ, ಗುಮಾನಿಯ ಮನುಷ್ಯ. ಆ ಸೋಮವಾರ ಬೆಳಗ್ಗೆ ಶಾಲ್ಮಲಾ ಬಂದವಳೇ ಚಹಾ ಹಿಡಿದು ಕೂರುವಷ್ಟರಲ್ಲಿ ಕುರ್ಚಿ ತಿರುಗಿಸಿದ.

“ಮೇಡಂ, ನೀಲಗಂಗಾಂದು ಮತ್ತ ಏರೇತ್ರಿ. ಈ ತಿಂಗಳದಾಗ ಇದು ಮೂರನೇ ಸಲ.”

ಶಾಲ್ಮಲಾ ಪರದೆ ನೋಡಿದಳು. ಪೆಟ್ಟಿಗೆಯ ಪೊರೆ ಪುಷ್ಟಿಯಾಗಿ ಬೆಳೆದು ನಿಂತಿತ್ತು. ಕಿಣ್ವಗಳು ಹನಿ ಬಿಟ್ಟದ್ದರಲ್ಲಿ ಬಹುಪಾಲು ತಿಂದುಹಾಕುತ್ತಿದ್ದವು. ಹಾಗಾಗಿ ಅಳತೆ ಏರಿಸಿ ಎಂದು ಪೆಟ್ಟಿಗೆ ಹೇಳುತ್ತಿತ್ತು. ಬೆಳೆಯುವ ಹುಡುಗಿ, ಕರುಳು ಬಲಿಯುವ ವಯಸ್ಸು, ಸುಂಕ ಏರಲೇಬೇಕಲ್ಲ ಎಂದು ಅವಳು ವಿವರಿಸಿದಳು. ವಿವರಣೆ ಸರಿಯಾಗಿಯೇ ಇತ್ತು. ನದಾಫ್ ಒಪ್ಪಲಿಲ್ಲ. ವಯಸ್ಸು ಹೀಗೆ ವಾರವಾರಕ್ಕೆ ಏರುವುದಿಲ್ಲ, ಒಮ್ಮೆ ರಕ್ತ ತೆಗೆಸಿ ನೋಡೋಣ ಎಂದ. ನೀಲಿಗೆ ಸೂಜಿಯೆಂದರೆ ಜೀವಭಯ. ಇನ್ನು ಮೇಲೆ ತೀರಾ ಅಪರೂಪಕ್ಕೆ ಎಂದು ಶಾಲ್ಮಲಾ ಅವಳಿಗೆ ಮಾತು ಕೊಟ್ಟಿದ್ದಳು. ಹಾಗೆಂದು ಅವನಿಗೆ ಹೇಳಿದಳು. ಆದರೆ ಅದಷ್ಟೇ ಅಲ್ಲ, ಪೆಟ್ಟಿಗೆಯ ಮೇಲೆ ಅನುಮಾನಪಟ್ಟು ಸೂಜಿ ಹಿಡಿಯುವುದು ಅವಳಿಗೆ ಸೋಲಿನಂತೆ ಕಾಣುತ್ತಿತ್ತು. ಅದನ್ನು ಹೇಳಲಿಲ್ಲ.

“ಹಂಗಾರ ಮನಿಯವರನ್ನರ ಕೇಳ್ರಿ,” ಎಂದ ನದಾಫ್. “ಹೊಟ್ಟಿ ಪಟ್ಟಿ ಏನರ ಕೆಟ್ಟೈತೇನು ಅಂತ.”

ಕೇಳಿದಳು. ಎಲ್ಲಿ ಕೇಳಿದಳು ಎಂಬುದೇ ಈ ಕತೆಯ ಮರ್ಮ. ಮಧ್ಯಾಹ್ನ ಖಾನಾವಳಿ ತುಂಬಿ ತುಳುಕುತ್ತಿತ್ತು. ಗೋಡೆಯ ಉದ್ದಕ್ಕೂ ಜನ ತುತ್ತು ಮುರಿಯುತ್ತ ಕೂತಿದ್ದರು. ನೀಲಿ ಗಲ್ಲಾಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಚೆನ್ನವ್ವ ಪಲ್ಲೆಯ ಬೋಗುಣಿ ಹಿಡಿದು ಆ ತುದಿಯಲ್ಲಿದ್ದಳು. ಶಾಲ್ಮಲಾ ರೊಟ್ಟಿ ಮುರಿಯುತ್ತ, ಅಲ್ಲಿಗೆ ಕೇಳಲಿ ಎಂದು ದನಿ ಎತ್ತಿಯೇ ಕೇಳಿದಳು.

“ಚೆನ್ನವ್ವಾರ, ನೀಲಿಗೆ ಹೊಟ್ಟಿ ಕೆಟ್ಟೈತೇನ್ರಿ? ಎರಡಕ್ಕ ಬರೋಬ್ಬರಿ ಹೊಂಟಾಳೋ ಇಲ್ಲೋ?”

ತುತ್ತುಗಳು ಕೈಯಲ್ಲೇ ನಿಂತವು. ಊಟದ ಹೊತ್ತಿನಲ್ಲಿ ಇದೆಂಥ ಮಾತು ಎಂದು ಒಬ್ಬ ನಕ್ಕ. ಇನ್ನೊಬ್ಬ ಗೂಡಿನ ಕಡೆ ಕತ್ತು ಹೊರಳಿಸಿದ. ನೀಲಿಯ ತಲೆ ಪುಸ್ತಕದೊಳಕ್ಕೇ ಇಳಿದುಹೋಯಿತು. ಚೆನ್ನವ್ವ ಒಂದು ಗಳಿಗೆಯೂ ತಡಮಾಡಲಿಲ್ಲ.

“ಇಲ್ರೀ ಅಕ್ಕಾರ, ಭಾಳ ಆರಾಮ ಅದಾಳ್ರೀ. ನೋಡ್ರಿ, ದೀಪ ಹೆಂಗ ಹಸರೈತಿ.”

ಶಾಲ್ಮಲಾ ತಿರುಗಿ ನಿಗಾ ಕೋಣೆಗೆ ಹೋಗಿ, ಕೇಳಿದೆ, ಏನೂ ಇಲ್ಲವಂತೆ ಎಂದು ನದಾಫನಿಗೆ ಹೇಳಿದಳು. ಅಳತೆ ಏರಿತು. ಎರಡು ದಿನಕ್ಕೆ ಇನ್ನಷ್ಟು ಏರಿತು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ, ಅಷ್ಟು ಹತ್ತಿರ ಸ್ಟೂಲಿನ ಮೇಲೆ ಕೂತಿದ್ದ ಹುಡುಗಿಯನ್ನು ಬಿಟ್ಟು ಎಲ್ಲರನ್ನೂ ಕೇಳಿ ಆಗಿತ್ತು.

ವಾರದ ಕೊನೆಗೆ ಶಾಲ್ಮಲಾ ಊಟಕ್ಕೆ ಕೂತಾಗ ನೀಲಿ ಮಜ್ಜಿಗೆಯ ಲೋಟ ಹಿಡಿದು ಬಂದಳು. ಅಕ್ಕಾರಿಗೆ ಮಜ್ಜಿಗೆ ಕೊಡುವುದು ಅವಳೇ ವಹಿಸಿಕೊಂಡ ಕೆಲಸ. ನಾಲ್ಕು ಹೆಜ್ಜೆ ಬರುವಷ್ಟರಲ್ಲಿ ಮಜ್ಜಿಗೆ ಅರ್ಧ ನೆಲದ ಪಾಲಾಯಿತು. ಚೆನ್ನವ್ವ ಒಳಗಿನಿಂದಲೇ ಗದರಿದಳು: ನಾಲ್ಕು ದಿನದಿಂದ ಇದೇ ಆಗಿದೆ, ಲಕ್ಷ್ಯವೇ ಇಲ್ಲ ಹುಡುಗಿಗೆ. ಶಾಲ್ಮಲಾ ಲೋಟ ತೆಗೆದು ಕೆಳಗಿಟ್ಟು, ಎರಡೂ ಕೈ ಮುಂದೆ ಚಾಚು ಎಂದಳು. ಬೆರಳುಗಳು ಗಾಳಿಗೆ ಸಿಕ್ಕ ಬೇವಿನೆಲೆಗಳಂತೆ ನಡುಗುತ್ತಿದ್ದವು. ತುಟಿ ಒಣಗಿ ಸಿಪ್ಪೆ ಎದ್ದಿತ್ತು, ಕಣ್ಣುಗಳು ಗುಳಿಬಿದ್ದಿದ್ದವು. ಆ ಔಷಧ ಮೈಯಲ್ಲಿ ಮಿತಿಮೀರಿದಾಗ ಕೈ ನಡುಗುತ್ತದೆ ಎಂದು ವೈದ್ಯಕೀಯ ವಿದ್ಯಾರ್ಥಿಗೂ ಗೊತ್ತು. ನಾಲ್ಕು ದಿನ ಇದೇ ಕೈ ಅವಳ ಮುಂದೆ ಮಜ್ಜಿಗೆ ಇಟ್ಟು ಹೋಗಿತ್ತು. ಅವಳು ಫೋನು ನೋಡುತ್ತ ಕುಡಿದು ಎದ್ದಿದ್ದಳು.

ಈ ಸಲ ಅವಳು ದನಿ ಎತ್ತಲಿಲ್ಲ. ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಚೆನ್ನವ್ವ ಹಂಚಿನ ಮೇಲಿನ ರೊಟ್ಟಿ ಬಿಟ್ಟು ತಿರುಗಿ, ಅವಳ ಮುಖ ನೋಡಿದ್ದೇ, ಕೇಳುವ ಮೊದಲೇ ಅಳತೊಡಗಿದಳು. ನೀಲಿಯ ಹೊಟ್ಟೆ ಕೆಟ್ಟು ವಾರದ ಮೇಲಾಗಿತ್ತು. ಶಾಲೆಯ ಮುಂದೆ ಮಾರುವ ಐಸ್‌ಕ್ಯಾಂಡಿ ತಿಂದಿದ್ದಳಂತೆ. ಓಮಿನ ಕಷಾಯ ಕೊಟ್ಟದ್ದಾಯಿತು, ದಾಳಿಂಬೆ ಸಿಪ್ಪೆ ತೇದು ಕೊಟ್ಟದ್ದಾಯಿತು, ಒಮ್ಮೆ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ.

“ಅವತ್ತ ಕೇಳಿದಾಗ ಯಾಕ ಹೇಳಲಿಲ್ರೀ?” ಎಂದು ಶಾಲ್ಮಲಾ ಕೇಳಿದಳು.

“ಮಂದಿ ಉಣ್ಣಾಕ ಕುಂತಿದ್ರಲ್ರೀ ಅಕ್ಕಾರ. ಖಾನಾವಳಿಯಾಕಿ ಮಗಳಿಗೇ ಹೊಟ್ಟಿ ಕೆಟ್ಟೈತಿ ಅಂತ ಅಷ್ಟು ಮಂದಿ ಮುಂದ ಹೆಂಗ ಹೇಳ್ಲಿ? ಆಮ್ಯಾಲ ಫೋನ್ ಹಚ್ಚಬೇಕಂತಿದ್ದೆ. ದೀಪ ನೋಡಿದ್ರ ಹಸರ ಇತ್ತು. ತಂಗಿ ಆರಾಮ ಇದ್ರ ಅಕ್ಕನೂ ಆರಾಮ ಅಂತ ನೀವ ಹೇಳಿದ್ರೆಲ್ಲ.”

ಹಾಗಾದರೆ ದೀಪ ಹಸಿರಾಗಿ ಉಳಿದದ್ದು ಹೇಗೆ? ನೀಲಿಯ ಎಂಜಲು ತಟ್ಟೆಯಿಂದ ತಂಗಿಗೆ ಹಾಕುತ್ತಿದ್ದೀರೋ ಇಲ್ಲವೋ ಎಂದು ಶಾಲ್ಮಲಾ ಕೇಳಿದಾಗ ಚೆನ್ನವ್ವ ಅಳು ನಿಲ್ಲಿಸಿ ನೋಡಿದಳು. ಮೊದಲ ತಿಂಗಳು ಹಾಗೆಯೇ ಹಾಕಿದ್ದಳಂತೆ, ಮನಸ್ಸಿಲ್ಲದ ಮನಸ್ಸಿನಿಂದ. ಒಂದು ದಿನ ದೀಪ ಹಳದಿಗೆ ತಿರುಗಿತು. ತಂಗಿಗೆ ಮೈಯಲ್ಲಿ ನೆಟ್ಟಗಿಲ್ಲವೇನು, ನಮಗೂ ಹಂಗೇ ಆದೀತು ಎಂದು ಗಿರಾಕಿಯೊಬ್ಬ ಚೇಷ್ಟೆ ಮಾಡಿದ. ಮರುದಿನ ಅರ್ಧ ಖಾನಾವಳಿ ಖಾಲಿ. ಎಂಜಲು ಉಣಿಸಿದ್ದಕ್ಕೇ ಹೀಗಾಯಿತು ಎಂದು ಅವಳ ಮನಸ್ಸು ಹೇಳಿತು. ಅಂದಿನಿಂದ ಎಲ್ಲರಿಗಿಂತ ಮೊದಲು ತಂಗಿಗೆ.

“ಯಾರಿಗೂ ಎಂಜಲಾ ಬಡಿಸಿದಾಕಿ ಅಲ್ರೀ ನಾನು. ಬಂದ ಮಂದಿಗೇ ಬಡಿಸಿಲ್ಲ, ಮನಿ ಕೂಸಿಗೆ ಬಡಿಸ್ಲೇನು? ಮತ್ತ ನೀವ ದಿನಾ ಕುಂತು ನೋಡ್ತಿದ್ರಿ. ತಪ್ಪಿದ್ರ ಹೇಳ್ತಿದ್ರಿ ಅಂದ್ಕೊಂಡೆ.”

ನೆಲ ಬಾಯಿಬಿಟ್ಟರೆ ಇಳಿದುಹೋಗಬೇಕು ಎನಿಸಿತು ಶಾಲ್ಮಲಾಗೆ. ಅವಳೂ ಅದೇ ಊರಿನ ಮಗಳು, ಎಂಜಲು ಬೆರಳಿನಿಂದ ಉಪ್ಪಿನಕಾಯಿ ಭರಣಿ ಮುಟ್ಟಿ ಅಜ್ಜಿಯಿಂದ ಏಟು ತಿಂದವಳು. ಈ ಊರಿನಲ್ಲಿ ಯಾವ ತಾಯಿಯೂ ಇನ್ನೊಂದು ಜೀವಕ್ಕೆ ಎಂಜಲು ಬಡಿಸಲಾರಳು ಎಂದು ಅವಳಿಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ಪೆಟ್ಟಿಗೆಯನ್ನು ತಂಗಿಯೆಂದು ಕರೆದಾಗ ಹಿಗ್ಗಿ, ತಂಗಿಗೆ ಸಲ್ಲುವ ಮರ್ಯಾದೆ ಸಂದಾಗ ಚಪ್ಪಾಳೆ ತಟ್ಟಿಸಿಕೊಂಡು ಬಂದಿದ್ದಳು. ತುಪ್ಪ, ಮೊಸರು, ಬಿಸಿ ಅಡುಗೆ ಉಂಡು ಪೆಟ್ಟಿಗೆಯ ಕರುಳು ದಿಮ್ಮನೆ ಬೆಳೆದು ಇನ್ನಷ್ಟು ಔಷಧ ತಾ ಎಂದಿತು. ಆ ಇನ್ನಷ್ಟು ಔಷಧ ಹೋದದ್ದು ಭೇದಿಯಿಂದ ಸವೆದು ಸುಂಕದವರೇ ಇಲ್ಲದ ನೀಲಿಯ ಕರುಳಿಗೆ.

ಅರ್ಧ ಗಂಟೆಯಲ್ಲಿ ನೀಲಿ ಆಸ್ಪತ್ರೆಯಲ್ಲಿದ್ದಳು. ರಕ್ತದಲ್ಲಿ ಔಷಧ ಇರಬೇಕಾದ್ದಕ್ಕಿಂತ ಹಲವು ಪಟ್ಟು ಇತ್ತು. ಭೇದಿಯಿಂದ ಮೈಯಲ್ಲಿ ನೀರಿಲ್ಲ, ಅದರ ಮೇಲೆ ಈ ಪೆಟ್ಟು. ತಾಯಿ ಕೊಟ್ಟ ಮೂತ್ರಪಿಂಡ ಕೆಲಸ ನಿಲ್ಲಿಸಿತ್ತು. ಒಂದು ಹನಿ ಮೂತ್ರ ಇಲ್ಲ. ಔಷಧ ನಿಲ್ಲಿಸಿ, ನೀರೇರಿಸಿ, ಕಾಯಬೇಕು. ನಿಲ್ಲಿಸಿದ್ದು ಹೆಚ್ಚು ದಿನವಾದರೆ ಮೈ ಮೂತ್ರಪಿಂಡವನ್ನು ಹೊರದಬ್ಬುತ್ತದೆ, ಬೇಗ ಶುರುಮಾಡಿದರೆ ಸುಡುತ್ತದೆ. ಮೂತ್ರ ಬಂದರೆ ಮೂತ್ರಪಿಂಡ ಬದುಕಿದೆ ಎಂದರ್ಥ. ಬಾರದಿದ್ದರೆ, ಮೂರು ವರ್ಷದ ಹಿಂದೆ ಬಿಟ್ಟು ಬಂದ ರಕ್ತ ತೊಳೆಯುವ ಯಂತ್ರಕ್ಕೆ ಹುಡುಗಿ ಮತ್ತೆ ಹೋಗಬೇಕು.

ವಿಭಾಗದ ಮುಖ್ಯಸ್ಥ ಡಾ. ಗಲಗಲಿ ನಿಗಾ ಕೋಣೆಗೇ ಬಂದು ಎಲ್ಲ ಕೇಳಿಸಿಕೊಂಡರು. ಕೇಳಿ, ಪೆಟ್ಟಿಗೆಯದೇನೂ ತಪ್ಪಿಲ್ಲವಲ್ಲ ಎಂದರು. ಉಂಡ ತಟ್ಟೆಯಿಂದ ಹಾಕಿ ಎಂದು ಹೇಳಿಕೊಟ್ಟಿದ್ದೇವೆ, ಹಾಕಲಿಲ್ಲ. ಭೇದಿ ಇದೆಯೇ ಎಂದು ಕೇಳಿದ್ದೇವೆ, ಸುಳ್ಳು ಹೇಳಿದರು. ಮನೆಯವರ ತಪ್ಪು. ಶಾಲ್ಮಲಾಳ ಎದೆಯ ಮೇಲಿಂದ ಒಂದು ಭಾರ ಇಳಿದಂತಾಯಿತು. ಇಳಿದದ್ದು ಗೊತ್ತಾದ ಕೂಡಲೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆ ಕಡೆ ವಾರ್ಡಿನಲ್ಲಿ ಮಗು ಮಲಗಿದೆ, ಇಲ್ಲಿ ತಾನು ಪೆಟ್ಟಿಗೆ ಗೆದ್ದಿತೆಂದು ಉಸಿರು ಬಿಡುತ್ತಿದ್ದೇನೆ.

“ಹೇಳಿಕೊಟ್ಟಾಕಿ ನಾನು, ದಿನಾ ನೋಡಿದಾಕಿ ನಾನು, ಮಂದಿ ಮುಂದ ಕೇಳಿದಾಕೀನೂ ನಾನ ಸರ್,” ಎಂದಳು. “ಅಕಿ ಸುಳ್ಳು ಹೇಳೂಹಂಗ ನಾನ ಮಾಡೇನಿ.”

ಗಲಗಲಿಯವರು ಕನ್ನಡಕ ತೆಗೆದು ಒರೆಸಿಕೊಂಡು, ಅದನ್ನೆಲ್ಲ ಆಮೇಲೆ ನೋಡೋಣ ಎಂದು ಎದ್ದು ಹೋದರು. ಶಾಲ್ಮಲಾ ಪರದೆಗಳ ಕಡೆ ತಿರುಗಿದಳು. ಸಾಲುಸಾಲಾಗಿ ಹಸಿರು. ಇಷ್ಟು ಮನೆಗಳಲ್ಲಿ ಇನ್ನೆಷ್ಟು ಚೆನ್ನವ್ವರಿದ್ದಾರೋ. ಅವಳೂ ನದಾಫನೂ ಸೇರಿ ಒಂದೊಂದೇ ಮನೆಗೆ ಫೋನು ಮಾಡತೊಡಗಿದರು. ಪಕ್ಕದಲ್ಲಿ ಯಾರೂ ಇಲ್ಲದ ಕಡೆ ಹೋಗಿ ಮಾತಾಡಿ ಎಂಬುದೇ ಮೊದಲ ಮಾತು. ಆ ಮಾತು ಕೇಳಿದ್ದೇ ತಡ, ಹೆಂಗಸರ ದನಿ ತಗ್ಗುತ್ತಿತ್ತು, ನಿಜ ಹೊರಬೀಳುತ್ತಿತ್ತು. ಗದಗಿನ ಒಂದು ಮನೆಯಲ್ಲಿ ಹಬ್ಬಕ್ಕೆ ತಂಗಿಗೆ ಹೋಳಿಗೆ, ಹುಡುಗನಿಗೆ ಪಥ್ಯದ ಗಂಜಿ. ಇನ್ನೊಂದು ಕಡೆ ಪೆಟ್ಟಿಗೆಯನ್ನು ದೇವರ ಜಗಲಿಯ ಮೇಲಿಟ್ಟಿದ್ದರಿಂದ ಮೊಮ್ಮಗ ಮಟನ್ ಉಂಡರೂ ತಂಗಿಗೆ ಬರೀ ಅನ್ನ ಸಾರು. ಲಕ್ಷ್ಮೇಶ್ವರದ ಒಬ್ಬಾಕೆಯಂತೂ, ತಂಗಿಗೆ ದೃಷ್ಟಿಯಾಗಬಾರದೆಂದು ದೀಪದ ಪಕ್ಕ ಕಾಡಿಗೆ ಬೊಟ್ಟಿಟ್ಟಿದ್ದೇನೆ, ನಡೆದೀತೇ ಎಂದು ಕೇಳಿದಳು. ನದಾಫ್ ನಗು ತಡೆಯಲಾರದೆ ಫೋನು ಕೆಳಗಿಟ್ಟ. ಶಾಲ್ಮಲಾಗೂ ನಗು ಬಂದು, ಬಂದದ್ದಕ್ಕೆ ನಾಚಿಕೆಪಟ್ಟಳು. ಎಲ್ಲ ಮಕ್ಕಳ ರಕ್ತ ತೆಗೆಸಬೇಕೆಂದು ನಿರ್ಧಾರವಾಯಿತು. ಹೊರಡುವ ಮೊದಲು ಅವಳು ಎಲ್ಲ ಪೆಟ್ಟಿಗೆಗಳ ದೀಪವನ್ನೂ ಅಲ್ಲಿಂದಲೇ ಆರಿಸಿದಳು.

ಮರುದಿನ ಮೂತ್ರ ಬರಲಿಲ್ಲ. ಅದರ ಮರುದಿನ, ಏನೂ ಬಾರದ ಕೊಳವೆ ಸುಮ್ಮನೆ ಸೋಂಕಿಗೆ ದಾರಿಯೆಂದು ನೀಲಿಗೆ ಹಾಕಿದ್ದ ಮೂತ್ರದ ಕೊಳವೆಯನ್ನು ತೆಗೆದರು. ಖಾನಾವಳಿಗೆ ಬೀಗ ಬಿದ್ದಿತ್ತು. ಚೆನ್ನವ್ವ ವಾರ್ಡಿನ ಗೋಡೆಗೊರಗಿ ಕೂತಿರುತ್ತಿದ್ದಳು. ಶಾಲ್ಮಲಾ ದಿನಾ ಹೋಗಿ ಪಕ್ಕದಲ್ಲಿ ಕೂರುತ್ತಿದ್ದಳು. ತಪ್ಪು ನನ್ನದು ಎಂದು ಶಾಲ್ಮಲಾ ಒಮ್ಮೆ ಹೇಳಿದಾಗ ಚೆನ್ನವ್ವ, ಹಂಗನ್ನಬ್ಯಾಡ್ರಿ, ಹೆತ್ತಾಕಿ ನಾನು ಎಂದು ಮುಖ ಆ ಕಡೆ ಮಾಡಿದಳು. ನಾಚಿಕೆಯನ್ನೂ ಹಂಚಿಕೊಳ್ಳಲು ಅವಳು ಸಿದ್ಧವಿರಲಿಲ್ಲ.

ಮೂರನೆಯ ದಿನ ಬೆಳಗ್ಗೆ ಗಲಗಲಿಯವರು ತಮ್ಮ ಶಿಷ್ಯರ ಹಿಂಡಿನೊಂದಿಗೆ ಬಂದರು. ನೀಲಿ ಗದ್ದದವರೆಗೂ ಚಾದರ ಹೊದ್ದು, ಛಾವಣಿ ನೋಡುತ್ತ ಮಲಗಿದ್ದಳು. ಅವರು ಹಾಸಿಗೆಯ ಈ ಬದಿಯಿಂದಲೇ ಆ ಬದಿಯ ನರ್ಸಮ್ಮನನ್ನು ಮೂತ್ರದ ವಿಷಯ ಕೇಳಿದರು. ಇಲ್ಲ ಸರ್, ಬೆಡ್‌ಪ್ಯಾನ್ ಇಟ್ಟಲ್ಲೇ ಇದೆ, ಹುಡುಗಿ ಕೇಳಿಯೇ ಇಲ್ಲ ಎಂದಳು ಅವಳು. ಗಲಗಲಿಯವರು ಶಿಷ್ಯರಿಗೆ ಇಂಗ್ಲಿಷಿನಲ್ಲಿ ಏನೇನೋ ವಿವರಿಸಿ, ಕೊನೆಗೆ ಚೆನ್ನವ್ವನಿಗೆ ಕನ್ನಡದಲ್ಲಿ, ಇವತ್ತು ಮಧ್ಯಾಹ್ನ ಯಂತ್ರಕ್ಕೆ ಹಾಕಬೇಕಾಗುತ್ತದೆ, ಈ ಮೂತ್ರಪಿಂಡದ ಆಸೆ ಇನ್ನು ಕಮ್ಮಿ ಎಂದರು.

ಚೆನ್ನವ್ವ ಗೋಡೆ ಹಿಡಿದು ಎದ್ದು ನಿಂತಳು.

“ನನ್ನ ಕಡೆ ಇನ್ನೊಂದೈತಲ್ರೀ ಸಾಹೇಬರ,” ಎಂದಳು. “ಅದನ್ನ ತಗೋರಿ.”

ಶಿಷ್ಯರಲ್ಲೊಬ್ಬಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಹಾಗಾಗುವುದಿಲ್ಲ ತಾಯಿ ಎಂದು ಗಲಗಲಿಯವರು ಮೆಲ್ಲಗೆ ಹೇಳಿ ಮುಂದಿನ ಹಾಸಿಗೆಗೆ ಸರಿದರು.

ಶಾಲ್ಮಲಾ ಅಲ್ಲೇ ನಿಂತಿದ್ದಳು. ನೀಲಿಯ ಕಣ್ಣಂಚಿನಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು, ಆದರೂ ಅವಳು ಚಾದರದಿಂದ ಕೈ ಹೊರತೆಗೆದು ಒರೆಸಿಕೊಳ್ಳಲಿಲ್ಲ. ಎರಡೂ ಮುಷ್ಟಿಯಲ್ಲಿ ಚಾದರದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಈ ಹುಡುಗಿಯ ಹೊಟ್ಟೆಯ ವಿಷಯ ಎಷ್ಟು ಜನ ಎಷ್ಟು ಸಲ ಮಾತಾಡಿದ್ದಾರೆ, ಎಲ್ಲ ಅವಳ ತಲೆಯ ಮೇಲಿಂದ. ತಾನು ಪೆಟ್ಟಿಗೆಯನ್ನು ಕೇಳಿದೆ, ತಾಯಿಯನ್ನು ಕೇಳಿದೆ. ಶಾಲ್ಮಲಾ ಮಂಚದ ಪಕ್ಕ ಮೊಣಕಾಲೂರಿ, ಮುಖವನ್ನು ಅವಳ ಮುಖದ ಸಮಕ್ಕೆ ತಂದಳು.

“ನೀಲವ್ವಾ, ಹೊಟ್ಟಿ ಹೆಂಗೈತಿ ಈಗ? ನೀನ ಹೇಳು.”

ನೀಲಿ ಕಣ್ಣು ಹೊರಳಿಸಿ ವಾರ್ಡನ್ನೆಲ್ಲ ನೋಡಿದಳು: ಪಕ್ಕದ ಹಾಸಿಗೆಯ ಹುಡುಗ, ಅವನ ಅಪ್ಪ, ಗಲಗಲಿಯವರ ಹಿಂಡು.

“ಎಲ್ಲಾರೂ ಹೋಗ್ಲಿ,” ಎಂದಳು.

ಶಾಲ್ಮಲಾ ಎದ್ದು ಮಂಚದ ಸುತ್ತಲೂ ಪರದೆ ಎಳೆದಳು. ಅವ್ವ ಇರಲೇ ಎಂದು ಕೇಳಿದಳು. ನೀಲಿ ತಲೆಯಾಡಿಸಿ ಬೇಡವೆಂದಳು. ಚೆನ್ನವ್ವ ತಲೆ ತಗ್ಗಿಸಿಕೊಂಡು ಪರದೆಯಾಚೆ ಹೋದಳು. ಶಾಲ್ಮಲಾ ಮತ್ತೆ ಮೊಣಕಾಲೂರಿ ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದಳು.

“ಬೈಯೂದಿಲ್ಲಲ್ಲ?”

“ಇಲ್ಲವ್ವ.”

“ಹಾಸಿಗಿ ಹಸಿ ಆಗೇತ್ರಿ,” ಎಂದು ನೀಲಿ ಪಿಸುಗುಟ್ಟಿದಳು. “ಮುಂಜಾನೆ ಒಂದ ಸಲ. ಈಗ ಅವರೆಲ್ಲ ನಿಂತಾಗ ಮತ್ತ ಆತು.”

ಶಾಲ್ಮಲಾ ಚಾದರದ ಕೆಳಗೆ ಕೈ ಇಳಿಸಿದಳು. ಹಾಸಿಗೆ ತೊಯ್ದು ತೊಪ್ಪೆಯಾಗಿತ್ತು, ಬೆಚ್ಚಗಿತ್ತು. ಅವಳು ಕೈಯನ್ನು ಅಲ್ಲೇ ಇಟ್ಟುಕೊಂಡು ಅತ್ತಳು. ಸಂತೋಷಕ್ಕೆ ಅತ್ತಳು, ಅದಕ್ಕಿಂತ ಹೆಚ್ಚಾಗಿ ನಾಚಿಕೆಗೆ ಅತ್ತಳು. ಪಕ್ಕದಲ್ಲೇ ತಾಯಿ ತನ್ನ ಉಳಿದ ಒಂದನ್ನೂ ತೆಗೆಯಿರಿ ಎಂದು ಕೈಯೊಡ್ಡಿ ನಿಂತಿದ್ದಾಗ, ಇಡೀ ಆಸ್ಪತ್ರೆ ಕಾಯುತ್ತಿದ್ದ ಸುದ್ದಿಯನ್ನು ಈ ಹುಡುಗಿ ಮೈಕೆಳಗೆ ಅಡಗಿಸಿಟ್ಟುಕೊಂಡು ಮಲಗಿದ್ದಳು.

“ಯಾಕ ಹೇಳಲಿಲ್ಲವ್ವ ಯಾರಿಗೂ?”

“ಅವರು ನರ್ಸಮ್ಮನ್ನ ಕೇಳಿದ್ರು. ನನ್ನನ್ನ ಯಾರೂ ಕೇಳಲಿಲ್ಲ.” ನೀಲಿ ಮತ್ತೆ ಹೇಳಿದಳು. “ಖಾನಾವಳ್ಯಾಗೂ ಕೇಳಲಿಲ್ಲ.”

ಶಾಲ್ಮಲಾ ಇನ್ನೊಂದು ಕೈಯಿಂದ ಅವಳ ಕಣ್ಣಂಚಿನ ನೀರು ಒರೆಸಿದಳು. ಅವ್ವನಿಗೆ ಹೇಳಲೇ ಎಂದು ಅನುಮತಿ ಕೇಳಿದಳು. ನೀಲಿ ಯೋಚಿಸಿದಳು.

“ಹೇಳ್ರಿ,” ಎಂದಳು. “ಆದ್ರ ಮೆಲ್ಲಕ ಹೇಳ್ರಿ.”

ಶಾಲ್ಮಲಾ ಕಣ್ಣೊರೆಸಿಕೊಂಡು ಪರದೆಯಾಚೆ ಹೋಗಿ, ಚೆನ್ನವ್ವನ ಕಿವಿಯಲ್ಲಿ, ಬೇರೆ ಯಾರಿಗೂ ಕೇಳಿಸದಂತೆ ಹೇಳಿದಳು.